ಸಾರ್ಜೆಂಟ್ ಪೆಪ್ಪರ್: ಮಾನೋ, ಹಳೆಯ ಸ್ಟೀರಿಯೊ, 2017ರ ಮಿಕ್ಸ್

ಬೀಟಲ್ಸ್ ತಂಡದ ‘ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್’ ಆಲ್ಬಮ್ಮಿಗೆ ಮೂರು ಮುಖ್ಯ ರೂಪಗಳಿವೆ: 1967ರ ಮಾನೋ, ಅದೇ ವರ್ಷದ ಸ್ಟೀರಿಯೊ, ಮತ್ತು ಜೈಲ್ಸ್ ಮಾರ್ಟಿನ್, ಸ್ಯಾಮ್ ಒಕೆಲ್ ಸೇರಿ 2017ರಲ್ಲಿ ಹೊಸದಾಗಿ ಮಾಡಿದ ಸ್ಟೀರಿಯೊ ಮಿಕ್ಸ್. ಬೇರೆಬೇರೆಯಾಗಿ ದಾಖಲಿಸಿದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವುದೇ ಮಿಕ್ಸ್; ಎಲ್ಲ ಸದ್ದೂ ಒಂದಾಗಿ ಬಂದರೆ ಮಾನೋ, ಎಡ-ಬಲಕ್ಕೆ ಹಂಚಿ ಬಂದರೆ ಸ್ಟೀರಿಯೊ. ಹಾಡಿದವರು ಅವರೇ, ಹಾಡೂ ಅವೇ. ಆದರೂ ಕೆಲವು ಹಾಡುಗಳ ಶ್ರುತಿಯೇ ಬೇರೆ.

ಹೋಲಿಸುವ ಮುಂಚೆ ಒಂದು ಕೆಲಸ ಆಗಲೇಬೇಕು. 2017ರದ್ದು ಉಳಿದೆರಡಕ್ಕಿಂತ ಜೋರಾಗಿದೆ, ಬಾಸ್ ಕೂಡ ತುಂಬಿಕೊಂಡಿದೆ. ಜೋರಾಗಿರುವುದು ಕಿವಿಗೆ ಯಾವಾಗಲೂ ಚೆನ್ನಾಗಿಯೇ ಕೇಳುತ್ತದೆ. ಹಾಗಾಗಿ ಒಂದೇ ಹಾಡಿನ ಒಂದೇ ಸಾಲನ್ನು ಮೂರರಲ್ಲೂ ಹಾಕಿ, ಗಾಯಕನ ದನಿ ಒಂದೇ ಮಟ್ಟಕ್ಕೆ ಬರುವ ತನಕ ವಾಲ್ಯೂಮ್ ಸರಿಮಾಡಿಕೊಳ್ಳಿ. ಇಲ್ಲದಿದ್ದರೆ ಹೊಸದೇ ಗೆದ್ದುಬಿಡುತ್ತದೆ.

ಹೆಚ್ಚು ತೂಕ ಮಾನೋಗೆ. 1967ರ ಬ್ರಿಟನ್ನಿನಲ್ಲಿ ಪಾಪ್ ರೆಕಾರ್ಡ್ ಕೊಳ್ಳುತ್ತಿದ್ದ ಹೆಚ್ಚಿನವರ ಮನೆಯಲ್ಲಿದ್ದದ್ದು ಒಂದೇ ಸ್ಪೀಕರಿನ ಪ್ಲೇಯರ್. ಆ ಕಾರಣಕ್ಕೆ ತಂಡದವರು ಕೂತು ಮಾಡಿಸಿದ್ದೂ ಮಾನೋ ಮಿಕ್ಸನ್ನೇ. ಸ್ಟೀರಿಯೊ ಮಿಕ್ಸನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಎಂಜಿನಿಯರ್ ಜೆಫ್ ಎಮೆರಿಕ್ ಆಮೇಲೆ ಕೆಲವೇ ದಿನಗಳಲ್ಲಿ ಮುಗಿಸಿದರು. ಆಗ ಬ್ರಿಟಿಷ್ ಆಲ್ಬಮ್ ಪಟ್ಟಿಯ ಮೊದಲ ಸ್ಥಾನದಲ್ಲಿ ಒಟ್ಟು 27 ವಾರ, ಅಮೆರಿಕದಲ್ಲಿ 15 ವಾರ ನಿಂತ ಆಲ್ಬಮ್ ಇದು. ಬ್ರಿಟನ್ನಿನ ಆ 27 ವಾರಗಳ ಹಿಂದಿದ್ದ ಸದ್ದು ಬಹುಪಾಲು ಮಾನೋ ಸದ್ದೇ.

ವ್ಯತ್ಯಾಸ ಕಣ್ಣಿಗೆ ಹೊಡೆಯುವಂತೆ ಕಾಣುವುದು ‘ಶೀ ಈಸ್ ಲೀವಿಂಗ್ ಹೋಮ್’ನಲ್ಲಿ. ಹಾರ್ಪ್ ಶುರುವಾದ ಕ್ಷಣವೇ ತಿಳಿಯುತ್ತದೆ. ಮಾನೋದಲ್ಲಿ ಟೇಪನ್ನು ವೇಗವಾಗಿ ಓಡಿಸಿದ್ದಾರೆ, ಹಾಗಾಗಿ ಶ್ರುತಿ ಸುಮಾರು ಅರ್ಧ ಸ್ವರ ಮೇಲೇರಿದೆ. ನಮ್ಮ ಸಂಗೀತಗಾರರ ಲೆಕ್ಕದಲ್ಲಿ ಹೇಳುವುದಾದರೆ ಹಳೆಯ ಸ್ಟೀರಿಯೊ ಮೂರು ಮನೆ, ಮಾನೋ ನಾಲ್ಕು ಮನೆ. ಪಾಲ್ ಮೆಕಾರ್ಟ್ನಿಯ ದನಿ ಮಾನೋದಲ್ಲಿ ಎಳೆಯದಾಗಿ ಕೇಳುತ್ತದೆ, ಮನೆ ಬಿಟ್ಟು ಹೋಗುವ ಹುಡುಗಿಯ ಕಥೆಗೆ ಅದೇ ಸರಿ. ಸ್ಟೀರಿಯೊದಲ್ಲಿ ಹಾಡು ಕಾಲೆಳೆದುಕೊಂಡು ನಡೆಯುತ್ತದೆ, ತಂತಿವಾದ್ಯಗಳು ಭಾರವಾಗುತ್ತವೆ. 2017ರವರು ಮಾನೋದ ವೇಗವನ್ನೇ ಉಳಿಸಿಕೊಂಡರು. ಅದು ಒಳ್ಳೆಯ ತೀರ್ಮಾನ.

ಇನ್ನೊಂದು ಜಾಗ, ಕೊನೆಯ ಹಾಡಿಗೆ ಮುಂಚೆ ಬರುವ ಶೀರ್ಷಿಕೆ ಗೀತೆಯ ಪುನರಾವರ್ತನೆ. ಅದರ ತುದಿಯಲ್ಲಿ ಪಾಲ್ ಕೂಗುವ ಬಿಡಿ ಮಾತುಗಳು ಮಾನೋದಲ್ಲಿ ಸ್ಪಷ್ಟ. ಹಳೆಯ ಸ್ಟೀರಿಯೊದಲ್ಲಿ ಬಹುತೇಕ ಮುಚ್ಚಿಹೋಗಿವೆ.

ಹಳೆಯ ಸ್ಟೀರಿಯೊದ ದೊಡ್ಡ ತೊಡಕು ಸದ್ದನ್ನು ಎಡ-ಬಲಕ್ಕೆ ಹಂಚಿದ ರೀತಿಯದ್ದು. ಆಗ ಇದ್ದದ್ದು ನಾಲ್ಕು ಟ್ರ್ಯಾಕಿನ ಯಂತ್ರ, ಅಂದರೆ ಟೇಪಿನಲ್ಲಿ ಬೇರೆಬೇರೆಯಾಗಿ ದಾಖಲಿಸಲು ನಾಲ್ಕೇ ಸಾಲು. ಟ್ರ್ಯಾಕುಗಳು ತುಂಬಿದಾಗ ಅವನ್ನು ಒಟ್ಟುಗೂಡಿಸಿ ಇನ್ನೊಂದು ಟೇಪಿಗೆ ಇಳಿಸಿ ಜಾಗ ಮಾಡಿಕೊಳ್ಳುತ್ತಿದ್ದರು. ಹಾಗೆ ಅಂಟಿಕೊಂಡ ವಾದ್ಯಗಳನ್ನು ಆಮೇಲೆ ಬಿಡಿಸಲಾಗದು, ಇಡೀ ಗುಂಪನ್ನೇ ಒಂದು ಬದಿಗೆ ತಳ್ಳಬೇಕು. ಇಯರ್‌ಫೋನಿನಲ್ಲಿ ಇದು ತಲೆನೋವು, ಒಂದು ಕಿವಿಯದ್ದು ತೆಗೆದರೆ ಅರ್ಧ ತಂಡವೇ ಮಾಯ. ಆದರೂ ‘ಎ ಡೇ ಇನ್ ದ ಲೈಫ್’ಗಾಗಿ ಇದನ್ನು ಒಮ್ಮೆ ಕೇಳಬೇಕು. ತಂಡದ ಜಾನ್ ಲೆನನ್ ದನಿ ನಿಧಾನವಾಗಿ ಒಂದು ಬದಿಯಿಂದ ಇನ್ನೊಂದು ಬದಿಗೆ ಸರಿಯುವುದು ಮಾನೋದಲ್ಲಿ ಸಾಧ್ಯವೇ ಇಲ್ಲ.

2017ರ ತಂಡ ಹೀಗೆ ಇಳಿಸಿದ ಟೇಪುಗಳನ್ನು ಬಿಟ್ಟು, ಅದಕ್ಕೂ ಹಿಂದಿನ ಮೊದಲ ತಲೆಮಾರಿನ ಟೇಪುಗಳಿಗೆ ಹೋಯಿತು. ಪ್ರತಿಸಲ ಇಳಿಸಿದಾಗಲೂ ಸೇರಿಕೊಳ್ಳುವ ಹಿಸ್, ಅಂದರೆ ಟೇಪಿನ ಸುಯ್ ಸದ್ದು, ಇಲ್ಲಿ ಇಲ್ಲ, ಡ್ರಮ್ಮು ಮತ್ತು ದನಿಯನ್ನು ನಡುವೆ ನಿಲ್ಲಿಸಲೂ ಸಾಧ್ಯವಾಗಿದೆ. ‘ವಿದಿನ್ ಯೂ ವಿದೌಟ್ ಯೂ’ನಲ್ಲಿ ದಿಲ್‌ರುಬಾ, ತಬಲಾ, ತಂಬೂರಿ, ಪಿಟೀಲುಗಳು ಒಂದರ ಮೇಲೊಂದು ಬೀಳದೆ ಕೇಳುತ್ತವೆ. ಕಾರಿಗೆ, ಇಯರ್‌ಫೋನಿಗೆ ಇದೇ ಸರಿ. ಐವತ್ತು ವರ್ಷಗಳ ನಂತರ ಆಲ್ಬಮ್ ಬ್ರಿಟನ್ನಿನಲ್ಲಿ ಮತ್ತೆ ಮೊದಲ ಸ್ಥಾನಕ್ಕೇರಿದ್ದು ಈ ಬಿಡುಗಡೆಯಿಂದಲೇ. ಕೊರತೆ ಎಂದರೆ, ಮೆಲುದನಿಗೂ ಜೋರುದನಿಗೂ ನಡುವಿನ ಅಂತರ ಸ್ವಲ್ಪ ಕುಗ್ಗಿದೆ.

ಆಂಪ್ಲಿಫೈಯರಿನ ಮಾನೋ ಗುಂಡಿ ಒತ್ತಿದರೆ ಮಾನೋ ಮಿಕ್ಸ್ ಬಂತೆಂದು ತಿಳಿಯಬೇಡಿ. ಅದು ಸ್ಟೀರಿಯೊದ ಎರಡು ಬದಿಗಳನ್ನು ಕೂಡಿಸುತ್ತದೆ ಅಷ್ಟೆ. ನಡುವಿನದ್ದು ಉಬ್ಬುತ್ತದೆ, ಶ್ರುತಿ ಆ ಸ್ಟೀರಿಯೊದ್ದೇ ಇರುತ್ತದೆ. ಅಸಲಿ ಮಾನೋ ಬೇಕಾದರೆ 2009ರ ಮಾನೋ ಸಿಡಿ, ಇಲ್ಲವೇ ಮೂಲ ಅನಲಾಗ್ ಟೇಪಿನಿಂದಲೇ ಕೊರೆದ 2014ರ ಗ್ರಾಮಫೋನ್ ತಟ್ಟೆ, ಅಂದರೆ ಎಲ್‌ಪಿ. ಮಾನೋ ಎಲ್‌ಪಿಯನ್ನು ಸ್ಟೀರಿಯೊ ಮುಳ್ಳಿನ ತಲೆ, ಅಂದರೆ ಕಾರ್ಟ್ರಿಜ್‌ನಲ್ಲಿ ಹಾಕುವಾಗ ಮಾತ್ರ ಆ ಗುಂಡಿ ಒತ್ತಿ, ಗೀರಿನ ಚಟಪಟ ಸದ್ದು ಗಣನೀಯವಾಗಿ ಇಳಿಯುತ್ತದೆ.

ಹಳೆಯ ಬ್ರಿಟಿಷ್ ಪ್ರತಿ ಕೊಳ್ಳುವವರು ಕವರನ್ನು ನಂಬಬಾರದು, ತಟ್ಟೆ ಅದಲುಬದಲಾಗಿರಬಹುದು. ಮಾನೋ ಸಂಖ್ಯೆ ಪಿಎಂಸಿ 7027, ಸ್ಟೀರಿಯೊ ಪಿಸಿಎಸ್ 7027. ಲೇಬಲ್ಲಿನ ಸುತ್ತಲಿನ ಖಾಲಿ ಜಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಮಾನೋದಲ್ಲಿ ‘ಎಕ್ಸ್‌ಇಎಕ್ಸ್ 637’, ಸ್ಟೀರಿಯೊದಲ್ಲಿ ‘ವೈಇಎಕ್ಸ್ 637’ ಎಂದು ಕಾಣುತ್ತದೆ. ಎರಡನೇ ಬದಿಗೆ 638. ಆ ಬದಿಯ ಕೊನೆಯಲ್ಲಿ ಮುಳ್ಳು ಸುತ್ತುವ ಗೆರೆಯಲ್ಲಿ ಅರ್ಥವಿಲ್ಲದ ಮಾತಿನ ತುಣುಕೊಂದು ಸುತ್ತುತ್ತಲೇ ಇರುತ್ತದೆ. ತಾನೇ ಮುಳ್ಳಿನ ಕೈ ಎತ್ತುವ ಟರ್ನ್‌ಟೇಬಲ್ ಅದನ್ನು ಬೇಗ ನಿಲ್ಲಿಸಿಬಿಡುತ್ತದೆ. ಕೈಯಿಂದ ಎತ್ತಬೇಕಾದದ್ದಾದರೆ, ಎತ್ತುವ ತನಕ ಅದು ನಿಲ್ಲುವುದಿಲ್ಲ.