ಫ್ರೀ ಟೈಲರಿಂಗ್ ಸೆಂಟರ್, ಎಲ್ಲರನ್ನೂ ಸೇರಿಸ್ಕೊಳ್ತಾರೆ, ಆದ್ರೆ ಕಮಿಟಿಗೆ?

ದಾವಣಗೆರೆ ಆಜಾದ್ ನಗರದ ಕಡೆ ಒಂದು ಟ್ರಸ್ಟ್‌ನವ್ರು ಟೈಲರಿಂಗ್ ಕಲಿಸ್ತಾರೆ, ನನ್ ತಂಗಿ ಅಲ್ಲಿಗೇ ಹೋಗ್ತಾಳೆ, ಕಲಿಸೋದಂತೂ ಸೂಪರ್. ಮೊದ್ಲು ಕ್ಲಾಸು ಬೆಳಗ್ಗೆ ಇತ್ತು, ಮಂಡಕ್ಕಿ ಭಟ್ಟಿ ಕೆಲಸಕ್ಕೆ ಹೋಗೋ ಹೆಣ್ಮಕ್ಳು ಯಾರೂ ಬರೋಕಾಗ್ತಿರ್ಲಿಲ್ಲ, ಅವ್ರನ್ನೇ ಕೂರಿಸಿ ಕೇಳಿ ಸಂಜೆಗೆ ಬದಲಾಯಿಸಿದ್ರು ನೋಡಿ, ಈಗ ಬುರ್ಖಾ ಹಾಕಿದವ್ರು, ಲಂಬಾಣಿ ತಾಂಡಾದವ್ರು, ಇಬ್ರು ಟ್ರಾನ್ಸ್‌ಜೆಂಡರ್ ಅಕ್ಕಂದಿರು ಎಲ್ರೂ ಒಂದೇ ಚಾಪೆ ಮೇಲೆ ಕೂತು ಬ್ಲೌಸ್ ಕಟಿಂಗ್ ಮಾಡ್ತಾರೆ. ಹಾಜರಿ ಕರೆಯೋವಾಗ ಆ ಅಕ್ಕಂದಿರು ತಾವೇ ಇಟ್ಕೊಂಡಿರೋ ಹೆಸರನ್ನೇ ಕರೀತಾರೆ, ನಂಗೆ ತುಂಬಾ ಖುಷಿ ಆಗಿದ್ದು ಇದೇ.

ಬೇಜಾರಿನ ವಿಷ್ಯಾನೂ ಐತೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೇಲಿ 21 ಥರದ ಅಂಗವೈಕಲ್ಯ ಹೇಳಿದಾರೆ, ಇವ್ರು ಬಾಗಿಲಿಗೆ ರ‍್ಯಾಂಪ್ ಹಾಕಿ ಮುಗೀತು ಅನ್ಕೊಂಡಾರೆ, ಕಿವಿ ಕೇಳದ ಹುಡುಗಿ ಒಬ್ಳು ಪಕ್ಕದೋಳ ಕೈ ನೋಡ್ಕೊಂಡೇ ಕಲಿಬೇಕು, ಅಳತೆ ಲೆಕ್ಕ ಬೋರ್ಡ್ ಮೇಲೆ ಬರೆದ್ರೂ ಸಾಕಾಗಿತ್ತು. ಇನ್ನು ಕಮಿಟೀಲಿ ಕೂತಿರೋರೆಲ್ಲ ದುಡ್ಡು ಕೊಡೋ ದೊಡ್ಡೋರೇ, ಕಲಿಯೋಕೆ ಬರೋರಲ್ಲಿ ಒಬ್ರೂ ಇಲ್ಲ. ಟೈಮಿಂಗ್ ಸರಿಹೋಗಿದ್ದೇ ಅವ್ರನ್ನ ಕೇಳಿದ್ಮೇಲೆ, ಹಂಗಾದ್ರೆ ಖರ್ಚಿನ ಲೆಕ್ಕದಲ್ಲೂ ಕೇಳ್ಬೇಕಲ್ವಾ? ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ, ಸೇರೋರು ಧೈರ್ಯವಾಗಿ ಸೇರಿ.