ಕೆಮ್ಮಿಗೆ ಆಡುಸೋಗೆಯೋ, ತುಂಬೆಯೋ, ದೊಡ್ಡಪತ್ರೆಯೋ?

ಮಳೆ ಹಿಡಿಯಿತೆಂದರೆ ಮಲೆನಾಡಿನ ಮನೆಗಳಲ್ಲಿ ಒಬ್ಬರಿಗಲ್ಲ ಒಬ್ಬರಿಗೆ ನೆಗಡಿ, ಕೆಮ್ಮು ಇದ್ದೇ ಇರುತ್ತದೆ. ಆಗ ಹಿತ್ತಿಲಿನಿಂದ ಕಿತ್ತು ತರುವ ಮದ್ದುಗಳಲ್ಲಿ ಆಡುಸೋಗೆ, ತುಂಬೆ, ದೊಡ್ಡಪತ್ರೆ ಮೂರೂ ಮುಖ್ಯವಾದವು. ಮೂರನ್ನೂ ‘ಕೆಮ್ಮಿಗೆ ಒಳ್ಳೆಯದು’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುವ ರೂಢಿಯಿದೆ. ಹಲವು ಮಳೆಗಾಲಗಳಲ್ಲಿ ಮೂರನ್ನೂ ಬಳಸಿ ನೋಡಿದ ನನಗೆ ಒಂದರ ಕೆಲಸವನ್ನು ಇನ್ನೊಂದು ಮಾಡುತ್ತದೆಂದು ಅನ್ನಿಸಿಲ್ಲ.

ಎದೆಯಲ್ಲಿ ಕಫ ಕಟ್ಟಿ, ಎಷ್ಟು ಕೆಮ್ಮಿದರೂ ಹೊರಬಾರದೆ ಪಕ್ಕೆಗಳು ನೋಯುವಾಗ ನಾನು ನೆಚ್ಚುವುದು ಆಡುಸೋಗೆಯನ್ನು. ನೇರಳೆ ಗೆರೆಗಳಿರುವ ಬಿಳಿಯ ಹೂ ಬಿಡುವ ಈ ಗಿಡ ಕನಕಾಂಬರದ ಕುಟುಂಬಕ್ಕೆ ಸೇರಿದ್ದು. ‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಗೆ ಅಪವಾದವಾಗಿ ಬೇಲಿಯಲ್ಲಿ ನಿರಾತಂಕವಾಗಿ ಬೆಳೆಯುತ್ತದೆ. ಇದರ ತೊಡಕಿರುವುದು ರಸ ತೆಗೆಯುವುದರಲ್ಲಿ. ಹಸಿ ಎಲೆಯನ್ನು ಎಷ್ಟು ಜಜ್ಜಿ ಹಿಂಡಿದರೂ ಬೆರಳು ಒದ್ದೆಯಾಗುವಷ್ಟೇ ರಸ ಬರುತ್ತದೆ. ಆದ್ದರಿಂದಲೇ ಆಯುರ್ವೇದದಲ್ಲಿ ಅರೆದ ಎಲೆಯ ಉಂಡೆಗೆ ಬೇರೆ ಎಲೆ ಸುತ್ತಿ, ಮೇಲೆ ಮಣ್ಣು ಮೆತ್ತಿ ಕೆಂಡದಲ್ಲಿ ಸುಟ್ಟು ರಸ ಹಿಂಡುವ ಪುಟಪಾಕದ ಕ್ರಮವಿದೆ. ನಾನು ಬಾಳೆಲೆಯಲ್ಲಿ ಸುತ್ತಿ ಇಡ್ಲಿ ಪಾತ್ರೆಯ ಹಬೆಯಲ್ಲಿ ಬೇಯಿಸುತ್ತೇನೆ. ಎಲೆ ಬಣ್ಣಗೆಟ್ಟು ಮೆತ್ತಗಾದ ಮೇಲೆ ಬಟ್ಟೆಯಲ್ಲಿ ಹಿಂಡಿದರೆ ಕಡುಹಸಿರು ರಸ ಧಾರಾಳವಾಗಿ ಇಳಿಯುತ್ತದೆ. ಜೇನುತುಪ್ಪ ಬೆರೆಸಿದರೂ, ಹಿಪ್ಪಲಿಯ ಪುಡಿ ಉದುರಿಸಿದರೂ ಅದರ ಕಹಿ ಮಾತ್ರ ನಾಲಿಗೆ ಬಿಟ್ಟು ಹೋಗುವುದಿಲ್ಲ. ಆದರೆ ಕಫ ಸಡಿಲಗೊಂಡು ಸಲೀಸಾಗಿ ಹೊರಬರುವುದು ನನ್ನ ಅನುಭವದಲ್ಲಿ ಇದೊಂದರಿಂದಲೇ. ಇದನ್ನು ಬರೀ ನಂಬಿಕೆಯೆಂದು ತಳ್ಳಿಹಾಕುವಂತೆಯೂ ಇಲ್ಲ: ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ಕ್ಷಾರೀಯ ಸಂಯುಕ್ತವನ್ನು ಆಧಾರವಾಗಿಟ್ಟುಕೊಂಡೇ, ಇಂದು ಔಷಧದಂಗಡಿಗಳಲ್ಲಿ ದೊರೆಯುವ ಬ್ರೋಮ್‌ಹೆಕ್ಸಿನ್ ಎಂಬ ಕಫ ಕರಗಿಸುವ ಮದ್ದನ್ನು ರೂಪಿಸಲಾಯಿತು. ಇದೇ ಸಂಯುಕ್ತಕ್ಕೆ ಗರ್ಭಕೋಶವನ್ನು ಸಂಕುಚಿಸುವ ಗುಣವೂ ಇರುವುದರಿಂದ ಗರ್ಭಿಣಿಯರು ಆಡುಸೋಗೆಯನ್ನು ಸೇವಿಸಲೇಬಾರದು.

ತುಂಬೆಯ ವಿಷಯವೇ ಬೇರೆ. ಶಿವಪೂಜೆಗೆ ಸಲ್ಲುವ ಆ ಪುಟ್ಟ ಬಿಳಿ ಹೂಗಳನ್ನು ಬೊಗಸೆ ತುಂಬ ಬಿಡಿಸಿ ಅರೆದರೂ ಸಿಗುವುದು ಕೆಲವೇ ಹನಿ ರಸ. ಅದನ್ನು ಜೇನಿನಲ್ಲಿ ಕಲಸಿ ಮಕ್ಕಳಿಗೆ ನೆಕ್ಕಿಸುವ ವಾಡಿಕೆಯಿದೆ. (ವರ್ಷ ತುಂಬದ ಕೂಸಿಗೆ ಜೇನು ಸಲ್ಲದು.) ಎದೆಯ ಕಫದ ಮೇಲೆ ಇದರಿಂದ ನನಗೆ ಹೇಳಿಕೊಳ್ಳುವಂಥ ಗುಣ ಕಂಡಿಲ್ಲ. ಮೂಗು ಕಟ್ಟಿ ತಲೆ ಭಾರವಾದಾಗ ಇಡೀ ಗಿಡವನ್ನು ನೀರಿನಲ್ಲಿ ಕುದಿಸಿ, ಕಂಬಳಿ ಹೊದ್ದು ಹಬೆ ತೆಗೆದುಕೊಂಡರೆ ಸುಖವಾಗುವುದು ನಿಜವಾದರೂ ಅದರಲ್ಲಿ ಅರ್ಧದಷ್ಟು ಪಾಲು ಬಿಸಿ ಹಬೆಯದ್ದೇ ಇರಬೇಕೆಂಬುದು ನನ್ನ ಗುಮಾನಿ. ಕಳೆನಾಶಕ ಸಿಂಪಡಿಸುವ ಹೊಲದ ಬದುವಿನಿಂದಂತೂ ಈಗ ತುಂಬೆಯನ್ನು ಕೀಳುವಂತಿಲ್ಲ.

ದೊಡ್ಡಪತ್ರೆಗಿರುವ ದೊಡ್ಡ ಅನುಕೂಲವೆಂದರೆ ಅದು ಕೈಗೆಟುಕುವಲ್ಲಿರುತ್ತದೆ. ದಂಟು ಮುರಿದು ಕುಂಡದಲ್ಲಿ ಚುಚ್ಚಿದರೆ ಸಾಕು, ಬೇರು ಬಿಡುತ್ತದೆ. ದಪ್ಪನೆಯ ಎಲೆಯನ್ನು ಒಲೆಯ ಉರಿಯಲ್ಲಿ ಬಾಡಿಸಿದ ಕೂಡಲೇ ಹಿಂಡಿದರೆ ರಸ ಬರುತ್ತದೆ, ಓಮದಂಥ ಘಮವಿರುವುದರಿಂದ ಮಕ್ಕಳೂ ಹಟ ಮಾಡದೆ ಕುಡಿಯುತ್ತಾರೆ. ಗಂಟಲು ಕೆರೆದು ಬರುವ ಒಣಕೆಮ್ಮಿಗೆ ಇದು ಹಿತ. ತಂಬುಳಿಯಾಗಿ ಊಟದ ಜೊತೆಗೂ ಸೇರುವ ಈ ಎಲೆಗೆ ಇತ್ತೀಚೆಗೆ ಸರ್ವರೋಗ ನಿವಾರಕವೆಂಬ ಪಟ್ಟ ಕಟ್ಟುತ್ತಿರುವುದು ಅತಿಯಾಯಿತು. ಕಟ್ಟಿದ ಕಫದ ಮುಂದೆ ಅದರ ಆಟ ನಡೆಯುವುದಿಲ್ಲ.

ಹಾಗಾಗಿ ನಮ್ಮ ಮನೆಯಲ್ಲಿ ಗಂಟಲು ಕೆರೆತ ಶುರುವಾದಾಗ ದೊಡ್ಡಪತ್ರೆ, ಮೂಗು ಕಟ್ಟಿದಾಗ ತುಂಬೆಯ ಹಬೆ, ಕಫ ಎದೆಗಿಳಿದಾಗ ದೊಡ್ಡವರಿಗೆ ಮಾತ್ರ ಆಡುಸೋಗೆ. ಇವುಗಳಲ್ಲಿ ಒಂದನ್ನೇ ನೆಡಲು ಜಾಗವಿದ್ದರೆ ನಾನು ಆಡುಸೋಗೆಯನ್ನೇ ಆರಿಸುತ್ತೇನೆ. ಆದರೆ ಕೆಮ್ಮು 2 ವಾರ ದಾಟಿದರೆ, ಕಫದಲ್ಲಿ ರಕ್ತ ಕಂಡರೆ ಅಥವಾ ಉಸಿರಾಟ ಕಷ್ಟವಾದರೆ ಈ ಮೂರನ್ನೂ ಬದಿಗಿಟ್ಟು ವೈದ್ಯರಲ್ಲಿಗೆ ಹೋಗಬೇಕು. 2 ವಾರ ಮೀರಿದ ಕೆಮ್ಮಿಗೆ ಕ್ಷಯದ ಕಫ ಪರೀಕ್ಷೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಮಾಡುತ್ತಾರೆ.