ಪ್ರಾಪ್, ಬೆಟಲ್‌ಹೈಮ್, ರಾಮಾನುಜನ್: ಯಾವುದು ಮೊದಲು?

ಹಾಸನದಲ್ಲಿ ಬಿ.ಎಡ್ ಓದುತ್ತಿರುವ ತಂಗಿ ಕೇಳಿದಳು, "ಅಣ್ಣಾ, ಜನಪದ ಕಥೆಗಳ ಬಗ್ಗೆ ಒಂದೇ ಪುಸ್ತಕ ತಗೊಳ್ಳೋದಾದ್ರೆ ಯಾವುದು?"

ಸುಲಭವಾಗಿ ಓದಿಸಿಕೊಳ್ಳುವುದು ಎ.ಕೆ. ರಾಮಾನುಜನ್ ಅವರ 'ಎ ಫ್ಲವರಿಂಗ್ ಟ್ರೀ' (1997). ಕನ್ನಡದ 77 ಕಥೆಗಳು ಇಂಗ್ಲಿಷಿನಲ್ಲಿ, ಜೊತೆಗೆ ಟಿಪ್ಪಣಿ. ಊರಿಗೆ ಹೋಗಿ ಕಥೆ ಸಂಗ್ರಹಿಸುವ ಆಸೆ ಇದ್ದರೆ ಇದೇ ಸರಿ.

ಕಥೆ ಬಿಡಿಸಿ ನೋಡುವುದಕ್ಕೆ ರಷ್ಯದ ಜಾನಪದ ವಿದ್ವಾಂಸ ವ್ಲಾದಿಮಿರ್ ಪ್ರಾಪ್ ಅವರ 'ಮಾರ್ಫಾಲಜಿ ಆಫ್ ದಿ ಫೋಕ್‌ಟೇಲ್' ಬೇಕು. 1928ರ ಪುಸ್ತಕ, ಓದೋದು ಸ್ವಲ್ಪ ಕಷ್ಟ. ರಷ್ಯದ ಮಾಯಾಕಥೆಗಳಲ್ಲಿ ಅವರು 31 ಘಟ್ಟಗಳನ್ನು ಗುರುತಿಸಿದರು. ನಮ್ಮಜ್ಜಿ ಅವರೆಕಾಳು ಹಿತುಕುತ್ತಾ ಹೇಳುತ್ತಿದ್ದರಲ್ಲ, "ಏಳನೇ ಬಾಗಿಲು ಮಾತ್ರ ತೆಗೀಬೇಡ" ಅಂತ? ಅದು ನಿಷೇಧ. ಹುಡುಗ ತೆಗೆದೇಬಿಟ್ಟ, ಅದು ಉಲ್ಲಂಘನೆ. ಎರಡೂ ಆ ಪಟ್ಟಿಯಲ್ಲಿವೆ! ಆದರೆ ಅಲ್ಲಿಗೆ ಬಂದಾಗ ಅಜ್ಜಿ ದನಿ ಯಾಕೆ ತಗ್ಗುತ್ತಿತ್ತು ಅನ್ನೋದು ಅಲ್ಲಿ ಸಿಗುವುದಿಲ್ಲ.

ಮಗು ಆ ಬಾಗಿಲಿಗೆ ಯಾಕೆ ಹೆದರುತ್ತದೆ? ಅದಕ್ಕೆ ಮಕ್ಕಳ ಮನಸ್ಸಿನ ಬಗ್ಗೆ ಬರೆದ ಬ್ರೂನೋ ಬೆಟಲ್‌ಹೈಮ್ ಅವರ 'ದಿ ಯೂಸಸ್ ಆಫ್ ಎನ್‌ಚಾಂಟ್‌ಮೆಂಟ್' (1976). ಮೇಷ್ಟ್ರಾಗುವವರಿಗೆ ಉಪಯೋಗ ಜಾಸ್ತಿ. ಎಲ್ಲವನ್ನೂ ಮನೋವಿಶ್ಲೇಷಣೆಯ ಫ್ರಾಯ್ಡ್ ಕಣ್ಣಲ್ಲೇ ನೋಡುತ್ತಾರೆ, ಬೇರೆಯವರ ಬರಹವನ್ನು ಹೆಸರಿಸದೆ ಬಳಸಿದ ಆರೋಪವೂ ಇದೆ. ಸುಮ್ನೆ ನಂಬದೆ ಓದಬೇಕು.

ದುಡ್ಡು ಕೊಡುವ ಮೊದಲು ಕಾಲೇಜಿನ ಲೈಬ್ರರಿಯಲ್ಲಿ ಒಮ್ಮೆ ಕೇಳಿ ನೋಡಮ್ಮ.